ಸಹಿ ಮಾಡುವ ಕೈ

ಮೇ 29, ಗುರುವಾರ

ಮದುವೆಯಾಗಿ ಇಪ್ಪತ್ತೆರಡು ದಿನ, ನನಗೆ ಇನ್ನೂ ಬೆಳಿಗ್ಗೆ ಎದ್ದ ತಕ್ಷಣ ನಗು ಬರುತ್ತೆ! ಕಾರಣವೇ ಇಲ್ಲ. ಪಕ್ಕಕ್ಕೆ ತಿರುಗಿದರೆ ಪ್ರಭು ಮಲಗಿರುತ್ತಾರೆ, ಬಾಯಿ ಸ್ವಲ್ಪ ತೆರೆದು, ಒಂದು ಕೈ ನನ್ನ ದಿಂಬಿನ ಮೇಲೆ. ಅಷ್ಟಕ್ಕೇ ನಗು. “ಲೋಹಿತಾ ಮೇಡಂದು ಇಂಗ್ಲಿಷ್ ಮೀಡಿಯಂ ಕನ್ನಡ, ಒತ್ತಕ್ಷರಕ್ಕೆ ವೀಸಾ ಬೇಕು” ಅಂತ ರೇಗಿಸುತ್ತಾರೆ. ಅದಕ್ಕೇ ಈ ಡೈರಿ ಕನ್ನಡದಲ್ಲೇ ಬರೆಯಬೇಕು ಅಂತ ಹಟ. ಯಾರಿಗೂ ತೋರಿಸಲ್ಲ. ಅವರಿಗಂತೂ ಇಲ್ಲವೇ ಇಲ್ಲ.

ಇವತ್ತು ಬೈಕಿನಲ್ಲಿ ಗೊರವನಹಳ್ಳಿಗೆ ಹೋಗಿದ್ದೆವು. ಪ್ರಸಾದದ ಸಾಲಿನಲ್ಲಿ “ಲಕ್ಷ್ಮಿ ಹತ್ರ ಏನು ಕೇಳಿದೆ?” ಅಂದರು. ಹೇಳಿದರೆ ಫಲಿಸಲ್ಲ ಅಂದೆ. “ನಾನು ಹೇಳ್ತೀನಿ ಕೇಳು. ಎರಡು ಟ್ರ್ಯಾಕ್ಟರು, ಎರಡು ನೀರಿನ ಟ್ಯಾಂಕರು.” ಪಾವಗಡದ ಕಡೆ ಸೋಲಾರ್ ಪ್ಲೇಟುಗಳು ಕಣ್ಣು ಹರಿಯುವಷ್ಟು ದೂರ ಹರಡಿವೆಯಲ್ಲ, ಅವುಗಳ ಧೂಳು ತೊಳೆಯುವ ಕಂಟ್ರಾಕ್ಟು. ಅಲ್ಲಿನ ಚಿಕ್ಕಹನುಮಯ್ಯ ಅನ್ನುವವರು ಅರ್ಧ ಕೆಲಸ ಪ್ರಭುಗೆ ಬಿಟ್ಟುಕೊಡುತ್ತಾರಂತೆ, ಸ್ವಂತ ಟ್ಯಾಂಕರ್ ಇದ್ದರೆ. ದುಡ್ಡಿಗೆ ಯೋಚನೆ ಇಲ್ಲ. ಜೂನ್ ಮೂವತ್ತಕ್ಕೆ ಅತ್ತೆ ರಿಟೈರ್ ಆಗುತ್ತಾರೆ. ಪೆನ್ಷನ್ ಸ್ಕೀಮಿನಲ್ಲಿ ಅವರ ಹೆಸರಿಗೆ ಸೇರಿದ್ದರಲ್ಲಿ ನೂರಕ್ಕೆ ಅರವತ್ತು ಭಾಗ ಒಟ್ಟಿಗೆ ತೆಗೆಯಬಹುದು, ಉಳಿದ ನಲವತ್ತು ಅಲ್ಲೇ ಇದ್ದು ತಿಂಗಳು ತಿಂಗಳು ಪೆನ್ಷನ್ ಆಗಿ ಬರುತ್ತೆ. ಆ ಅರವತ್ತು ನಮ್ಮ ಟ್ಯಾಂಕರ್!

ವಾಪಸ್ ಬರುವಾಗ ಕೊರಟಗೆರೆ ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ಸ್ಕೂಟರಿನವನು ನನ್ನ ಕಾಲಿಗೆ ಉಜ್ಜಿಕೊಂಡು ಹೋದ. ಪ್ರಭು ಅಡ್ಡ ಹಾಕಿ ಅವನನ್ನು ಕಾಲರ್ ಹಿಡಿದು ಕೆಳಗೆಳೆದರು. “ಯಾರ್ ಹೆಂಡ್ತಿ ಅಂದ್ಕೊಂಡಿದ್ದೀಯಲಾ?” ಎರಡೇ ಏಟು. ಮೂಗಿನ ರಕ್ತ ಬಿಳಿ ಶರ್ಟಿನ ಜೇಬಿನವರೆಗೆ ಇಳಿಯಿತು. “ತಪ್ಪಾಯ್ತು ಅಣ್ಣ, ತಪ್ಪಾಯ್ತು” ಅಂತಿದ್ದ, ನಮ್ಮಪ್ಪನ ವಯಸ್ಸಿನವನು. ನಿಜ ಹೇಳಬೇಕೆಂದರೆ ನನಗೆ ನೋವೇ ಆಗಿರಲಿಲ್ಲ. ಆದರೂ! ನನಗೋಸ್ಕರ ಇದುವರೆಗೆ ಯಾರಾದರೂ ನಡುರಸ್ತೆಯಲ್ಲಿ ಹಾಗೆ ನಿಂತಿದ್ದಾರಾ? ಮಧುಗಿರಿ ಬರುವವರೆಗೆ ಅವರ ಬೆನ್ನಿಗೆ ಕೆನ್ನೆ ಒತ್ತಿಕೊಂಡೇ ಕೂತಿದ್ದೆ.

ಜೂನ್ 8, ಭಾನುವಾರ

ಅತ್ತೆಯ ಬಗ್ಗೆ ಒಂದು ಸಾಲೂ ಬರೆದಿಲ್ಲ, ನಾಚಿಕೆಗೇಡು! ಜಗದಾಂಬ ಅಂತ ಹೆಸರು. ಹೆಸರಷ್ಟು ದೊಡ್ಡವರಲ್ಲ, ನನ್ನ ಭುಜಕ್ಕೆ ಬರುತ್ತಾರೆ. ಮಾವ ಹೈಸ್ಕೂಲ್ ಮೇಷ್ಟ್ರಾಗಿದ್ದರು, ಸರ್ವೀಸಿನಲ್ಲಿದ್ದಾಗಲೇ ತೀರಿಕೊಂಡರು. ಅದಕ್ಕೆ ಸರ್ಕಾರ ಅತ್ತೆಗೆ ಅದೇ ಸ್ಕೂಲಿನಲ್ಲಿ ಗುಮಾಸ್ತೆ ಕೆಲಸ ಕೊಟ್ಟಿತು. ಹದಿನೆಂಟು ವರ್ಷ ಎಲ್ಲ ಮೇಷ್ಟ್ರುಗಳ ಪೆನ್ಷನ್ ಫಾರಂ ತುಂಬಿದವರು ಇವರೇ. ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಗುಟುಕು ನೀರೂ ಕುಡಿಯಲ್ಲ. ಸಿರಾದಲ್ಲಿ ನಮ್ಮ ಮನೆಯವರೂ ಲಿಂಗ ಕಟ್ಟಿದವರೇ, ಆದರೆ ನಮ್ಮದು ಕಾಫಿ ಮೊದಲು, ಶಿವ ಆಮೇಲೆ!

ಅತ್ತೆ ನನಗೆ ಮುದ್ದೆ ತಿರುವುವುದು ಕಲಿಸುತ್ತಿದ್ದಾರೆ. “ಪೆನ್ನು ಹಿಡ್ದಂಗೆ ಹಿಡೀಬ್ಯಾಡ ಕಣಮ್ಮ, ಕೋಲಿಗೆ ಸೊಂಟದಿಂದ ಬಲ ಬರ್ಬೇಕು.” ಇಬ್ಬರೂ ನಕ್ಕು ನಕ್ಕು ಮುದ್ದೆ ಗಂಟು ಕಟ್ಟಿತು.

ಊಟಕ್ಕೆ ಕೂತಾಗ ಪ್ರಭು ಟ್ಯಾಂಕರಿನ ಮಾತು ತೆಗೆದರು. ಅತ್ತೆ ತಲೆ ಎತ್ತದೆ ಅಂದರು: “ನಾನು ಒಟ್ಟಿಗೆ ಒಂದು ರೂಪಾಯೂ ತೆಗೆಯಲ್ಲ ಕಣಪ್ಪ. ನೂರಕ್ಕೆ ನೂರೂ ತಿಂಗಳ ಪೆನ್ಷನ್‌ಗೇ ಹಾಕಿಬುಡ್ತೀನಿ. ಒಂದು ರೂಮು ಮಾಡ್ಕೊಂಡು ನನ್ನ ಪಾಡಿಗೆ ನಾನಿರ್ತೀನಿ.”

“ಮಗಂಗೆ ಏನೂ ಇಲ್ವಾ?”

“ಮಗಂಗೆ ನನ್ನ ಬಳೆ ಕೊಟ್ಟಿದ್ದೆ, ಬೋರ್‌ವೆಲ್ ಲಾರಿಗೆ. ಲಾರಿ ಎಲ್ಲೈತೆ ತೋರ್ಸು, ಅದರ ಮುಂದೆ ನಿಂತ್ಕೊಂಡು ಮಾತಾಡಾನ.”

ತಟ್ಟೆ ನನ್ನ ಕಿವಿ ಪಕ್ಕದಿಂದ ಹಾರಿ ಗೋಡೆಗೆ ಬಡಿಯಿತು. ಹುರುಳಿ ಸಾರು ಕ್ಯಾಲೆಂಡರಿನ ಮೇಲಿಂದ ಇಳಿಯಿತು, ನನ್ನ ತೋಳಿಗೂ ಬಿತ್ತು. ಅತ್ತೆ ಎದ್ದು ಹೋಗಿ ಟೂತ್‌ಪೇಸ್ಟ್ ತಂದು ನನ್ನ ತೋಳಿಗೆ ಹಚ್ಚಿದರು, ಇದನ್ನೆಲ್ಲ ದಿನಾ ಮಾಡುವವರ ಹಾಗೆ. ಸಂಜೆ ಪ್ರಭು ಮೈಸೂರ್ ಪಾಕ್ ತಂದು, ನನ್ನ ತೋಳು ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ಅಷ್ಟು ಮೃದು ಮನಸ್ಸು! ಅಮ್ಮನ ಹತ್ತಿರ ಇಷ್ಟು ಹಟ ಮಾಡುವ ಅಮ್ಮಂದಿರು ಇರುತ್ತಾರಾ, ಅದಕ್ಕೆ ಸಿಟ್ಟು, ಅಷ್ಟೇ. (ಈ ವಾಕ್ಯ ತಪ್ಪಾಗಿದೆ. ಇರಲಿ!)

ಜೂನ್ 17, ಮಂಗಳವಾರ

ಅತ್ತೆಯ ರೂಮಿನ ಬಾಗಿಲು ಮುಚ್ಚಿತ್ತು. ಪ್ರಭು ಒಳಗಿದ್ದರು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಹಾಗೆ ಸದ್ದು, ನಾಲ್ಕು ಸಲವೋ ಐದು ಸಲವೋ. ಅತ್ತೆ ಕೂಗಲಿಲ್ಲ. ಕೂಗಿದ್ದರೆ ನಾನು ಹೋಗುತ್ತಿದ್ದೆ ಅನ್ನಿಸುತ್ತೆ.

ಆಮೇಲೆ ಅವರು ಸೊಪ್ಪು ಬಿಡಿಸುತ್ತಾ ಕೂತರು. ಎಡಗಣ್ಣಿನ ಕೆಳಗೆ ನೇರಳೆ ಬಣ್ಣ. ನಾನು ಏನೂ ಕೇಳಲಿಲ್ಲ, ಅವರಿಗೆ ಮುಜುಗರ ಆಗಬಾರದು ಅಂತ.

ಜೂನ್ 30, ಸೋಮವಾರ

ಅತ್ತೆಯ ಬೀಳ್ಕೊಡುಗೆ! ನಾನು ಮದುವೆಯ ಹಸಿರು ಸೀರೆ ಉಟ್ಟಿದ್ದೆ, ಸ್ಕೂಲಿನ ಟೀಚರುಗಳೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಅತ್ತೆಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಪ್ರಭು ಎಲ್ಲರೆದುರು ಅಮ್ಮನ ಕಾಲಿಗೆ ಬಿದ್ದರು. ಒಬ್ಬ ಟೀಚರ್ ಅತ್ತೇಬಿಟ್ಟರು, “ಇಂಥ ಮಗ ಸಿಗೋಕೆ ಪುಣ್ಯ ಮಾಡಿರ್ಬೇಕು” ಅಂತ. ನನಗೆ ಎಷ್ಟು ಹೆಮ್ಮೆ!

ಆದರೆ ಅಲ್ಲೇ ಯಾರೋ ಬಾಯಿ ಬಿಟ್ಟರು: ಅತ್ತೆ ಆಗಲೇ ಇಲಾಖೆಯ ಆಫೀಸಿಗೆ ಕಾಗದ ಕೊಟ್ಟಿದ್ದಾರೆ, ನೂರಕ್ಕೆ ನೂರೂ ಪೆನ್ಷನ್‌ಗೆ ಅಂತ ಬರೆದು.

ಮನೆಯ ಹೊಸ್ತಿಲು ದಾಟುವವರೆಗೆ ಹಣ್ಣಿನ ಬುಟ್ಟಿ ಪ್ರಭುವೇ ಹೊತ್ತು ತಂದರು. ದಾಟಿದ ಮೇಲೆ ಅತ್ತೆಯ ಕೊರಳಲ್ಲಿದ್ದ ಶಾಲನ್ನೇ ಹಿಡಿದು ನಡುಮನೆಯಿಂದ ಹಿತ್ತಲಿನವರೆಗೆ ಎಳೆದುಕೊಂಡು ಹೋದರು. ಸೇಬು ಕಿತ್ತಲೆ ಎಲ್ಲ ನೆಲದ ಮೇಲೆ ಉರುಳಿದವು. ಅತ್ತೆಯ ಮುಖ ಕಪ್ಪಿಟ್ಟಿತು. ನಾನು “ಬಿಡಿ ಪ್ರಭು, ಪ್ಲೀಸ್” ಅಂತ ಅವರ ತೋಳು ಹಿಡಿದೆ.

ನನ್ನ ಎಡಗಿವಿಯಲ್ಲಿ ಇನ್ನೂ ಕುಕ್ಕರಿನ ಸೀಟಿ.

ಜುಲೈ 3, ಗುರುವಾರ

ಸೀಟಿ ಕಡಿಮೆಯಾಗಿದೆ. ಪ್ರಭು ಮೂರು ದಿನದಿಂದ ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ ಅಂದರೆ! ನನ್ನ ತೊಡೆ ಮೇಲೆ ತಲೆಯಿಟ್ಟು ಮಗುವಿನ ಹಾಗೆ ಅತ್ತರು. “ನೀನು ಅಡ್ಡ ಬರ್ಬ್ಯಾಡ ಲೋಹಿ, ಅಡ್ಡ ಬಂದ್ರೆ ನಂಗೆ ಯಾರು ಅಂತ ಕಾಣಲ್ಲ.” ನಿಜ ತಾನೇ, ನಾನೇ ಮಧ್ಯೆ ಹೋಗಿದ್ದು.

ಅತ್ತೆ ಮಾತ್ರ ವಿಚಿತ್ರ. ಮಧ್ಯಾಹ್ನ ಬಿಸಿ ಎಣ್ಣೆಯಲ್ಲಿ ಅದ್ದಿದ ಹತ್ತಿ ತಂದು ನನ್ನ ಕಿವಿಗಿಟ್ಟು ಮೆಲ್ಲಗೆ ಅಂದರು: “ನಿಮ್ಮಪ್ಪನ ಮನೆಗೆ ಹೊಂಟೋಗ್ಬುಡಮ್ಮ. ನಿಂಗೆ ಹೋಗಕ್ಕೆ ಮನೆಯಾದ್ರೂ ಐತೆ.” ನನಗೆ ಎಷ್ಟು ಸಿಟ್ಟು ಬಂತು! ಮದುವೆಯಾಗಿ ಎರಡು ತಿಂಗಳಿಗೆ ಗಂಡನನ್ನು ಬಿಟ್ಟು ಹೋಗು ಅನ್ನುವ ಅತ್ತೆ. ನಾವಿಬ್ಬರು ಚೆನ್ನಾಗಿರುವುದು ನೋಡೋಕಾಗಲ್ಲ, ಪಾಪ, ಅವರೂ ಬೇಗ ಗಂಡನನ್ನು ಕಳಕೊಂಡವರು. ಅರ್ಥ ಮಾಡಿಕೊಳ್ಳುತ್ತೇನೆ.

ಜುಲೈ 9, ಬುಧವಾರ

ನಾನು ಒಂದು ವಿಷಯ ಗಮನಿಸಿದ್ದೇನೆ. ಪ್ರಭುಗೆ ಚಿಕ್ಕಹನುಮಯ್ಯನ ಫೋನ್ ಬಂದ ದಿನ ಮನೆಯಲ್ಲಿ ಯಾರಿಗಾದರೂ ಬೀಳುತ್ತೆ. ಅತ್ತೆಯ ಬಾಗಿಲು ಮುಚ್ಚಿದರೆ ಆಮೇಲೆ ಪ್ರಭು ಶಾಂತವಾಗಿ ಬಂದು ಕಾಫಿ ಕೇಳುತ್ತಾರೆ. ಮುಚ್ಚದಿದ್ದರೆ ಉಪ್ಪು ಹೆಚ್ಚಾಗಿರುತ್ತೆ, ಬನಿಯನ್ ಒಣಗಿರಲ್ಲ, ನಾನು ಫೋನಿನಲ್ಲಿ ನಕ್ಕಿರುತ್ತೇನೆ.

ಇವತ್ತು ಬೆಳಿಗ್ಗೆ ಫೋನ್ ಬಂತು. ಅವರು ಅಡುಗೆಮನೆಗೆ ಬಂದರು. ಲಟ್ಟಣಿಗೆ ಎತ್ತಿಕೊಂಡು ಅಂಗೈಗೆ ತಟ್ಟಿಕೊಳ್ಳುತ್ತಾ ನಿಂತರು. ನನ್ನ ಬಾಯಿಂದ ತಾನಾಗಿ ಬಂತು: “ಅತ್ತೆ ನಿನ್ನೆ ಆಫೀಸಿನವರ ಜೊತೆ ಮಾತಾಡ್ತಿದ್ದರು. ಬೇಗ ಪಾಸ್ ಮಾಡಿಬಿಡಿ ಸಾರ್ ಅಂತಿದ್ದರು.”

ಮಾತಾಡಿದ್ದರೋ ಇಲ್ಲವೋ. ಮಾತಾಡಿರಬಹುದು.

ಅವರು ಲಟ್ಟಣಿಗೆ ತೆಗೆದುಕೊಂಡು ಹೋದರು. ನಾನು ರೇಡಿಯೋ ಜೋರು ಮಾಡಿ ಮುಖಕ್ಕೆ ಕಡಲೆಹಿಟ್ಟು ಹಚ್ಚಿಕೊಂಡೆ. ಚರ್ಮ ಎಷ್ಟು ಹೊಳೆಯುತ್ತಿದೆ ಈಗ!

ಜುಲೈ 13, ಭಾನುವಾರ

ಅತಿಯಾ ವಿಡಿಯೋ ಕಾಲ್ ಮಾಡಿದ್ದಳು. ಎಲ್‌ಕೆಜಿಯಿಂದ ಪಿಯುಸಿವರೆಗೆ ಸಿರಾದಲ್ಲಿ ನನ್ನ ಪಕ್ಕದ ಸೀಟು. “ಅರೇ ದುಲ್ಹನ್, ಏನು ಮುಖ ತೋರಿಸೋದೇ ಇಲ್ಲ!” ಅಂತ ಶುರು ಮಾಡಿದಳು, ನಗಿಸಿ ನಗಿಸಿ ಸಾಕು ಮಾಡಿದಳು. ಇದ್ದಕ್ಕಿದ್ದಂತೆ ನಿಲ್ಲಿಸಿ “ಲೋಹಿ, ಕತ್ತು ಈ ಕಡೆ ತಿರುಗಿಸು” ಅಂದಳು.

“ಚೈನ್ ಉಜ್ಜಿದ್ದು.”

“ಚೈನಿಗೆ ನಾಲ್ಕು ಬೆರಳು ಇರ್ತಾವೇನೇ? ಅಬ್ಬಾಗೆ ಹೇಳ್ತೀನಿ, ನಾಳೇನೇ ಕಾರು ತಗೊಂಡು ಬರ್ತೀವಿ. ಅತ್ತೆ ಇದ್ದಾರಾ ಅಲ್ಲಿ? ಅವರಿಗೆ ಕೊಡು.”

ನೆಟ್‌ವರ್ಕ್ ಇಲ್ಲ ಅಂತ ಕಟ್ ಮಾಡಿದೆ. ನಂಬರ್ ಬ್ಲಾಕ್ ಮಾಡಿದೆ. ಅವಳಿಗೆ ಇನ್ನೂ ಮದುವೆಯಾಗಿಲ್ಲ, ಗೊತ್ತಾಗಲ್ಲ.

ಜುಲೈ 22, ಮಂಗಳವಾರ

ಇವತ್ತು ಆಗಿಹೋಯಿತು. ನಿಧಾನವಾಗಿ ಬರೆಯುತ್ತೇನೆ.

ಅತ್ತೆ ಆಫೀಸಿಗೆ ಕೊಟ್ಟ ಕಾಗದ ಇನ್ನೂ ಪಾಸಾಗಿಲ್ಲವಂತೆ. ಅದನ್ನು ಹಿಂದಕ್ಕೆ ತೆಗೆದು ಹೊಸದಾಗಿ ಅರ್ಜಿ ಹಾಕಬಹುದು, ಕಂಪ್ಯೂಟರಿನಲ್ಲೇ. ಇಂಗ್ಲಿಷ್ ಓದುವವಳು ನಾನೇ ಅಂತ ಲ್ಯಾಪ್‌ಟಾಪ್ ನನ್ನ ಮುಂದೆ ಇಟ್ಟರು. ಪ್ರತಿ ಹೆಜ್ಜೆಗೂ ಅತ್ತೆಯ ಮೊಬೈಲಿಗೆ ಒಂದು ನಂಬರು ಬರುತ್ತೆ, ಅದನ್ನು ಒತ್ತಿದರೆ ಮುಂದೆ. ಕೊನೆಗೆ ಪ್ರಿಂಟಿನ ಮೇಲೆ ಅತ್ತೆ ಆಫೀಸರ ಎದುರಿಗೆ ಸಹಿ ಮಾಡಬೇಕು.

ಮೊಬೈಲ್ ಎಲ್ಲಿ ಅಂದರೆ ಅತ್ತೆ ಬಾಯಿ ಬಿಡಲಿಲ್ಲ. ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಅಕ್ಕಿ ಡ್ರಮ್ಮಿನಲ್ಲಿ. ಹೇಳಿದೆ. ಪ್ರಭು ತೆಗೆದುಕೊಂಡು ಬರುವಷ್ಟರಲ್ಲಿ ಅತ್ತೆ ಹಾರಿ ಬಂದು ಅದನ್ನು ಕಸಿದುಕೊಂಡರು. ಅಷ್ಟು ಚುರುಕು ಇದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ! ಎಡಗೈಯಲ್ಲಿ ಮೊಬೈಲು ಹಿಡಿದು ಎದೆಗೆ ಒತ್ತಿಕೊಂಡು ಬಾಗಿಲ ಪಕ್ಕದ ಮೂಲೆಯಲ್ಲಿ ಕೂತುಬಿಟ್ಟರು.

“ಬಿಡು ಅವ್ವ.”

“ಸಾಯ್ಸು, ಬಿಡಲ್ಲ.”

“ಸಾಯ್ಸಿದ್ರೆ ಸಹಿ ಯಾರ್ ಮಾಡ್ತಾರೆ?” ಅಂದರು ಪ್ರಭು. ಅವರಿಗೆ ಅಂಥ ಹೊತ್ತಿನಲ್ಲೂ ತಮಾಷೆ. ಆಮೇಲೆ ನನ್ನ ಕಡೆ ತಿರುಗಿದರು. “ಬಲಗೈ ನೀನು ಹಿಡ್ಕೋ ಲೋಹಿ. ಗಟ್ಟಿಯಾಗಿ. ಅದಕ್ಕೇನೂ ಆಗ್ಬಾರ್ದು, ಅದು ಸಹಿ ಮಾಡೋ ಕೈ.”

ಹಿಡಿದುಕೊಂಡೆ. ಎರಡು ಕೈಯಲ್ಲೂ, ನನ್ನ ಎದೆಗೆ ಒತ್ತಿಕೊಂಡು. ಅತ್ತೆಯ ಕೈ ಬೆಚ್ಚಗಿತ್ತು, ಮೆಂತ್ಯದ ವಾಸನೆ. ಪ್ರಭು ಅತ್ತೆಯ ಎಡಗೈಯನ್ನು ಬಾಗಿಲ ಚೌಕಟ್ಟಿಗೆ ಅಡ್ಡ ಇಟ್ಟು ಮೊಣಕಾಲಿಂದ ಒತ್ತಿದರು. ಒಣ ತೊಗರಿ ಕಡ್ಡಿ ಮುರಿದ ಸದ್ದು. ಅತ್ತೆಯ ಬಲಗೈ ನನ್ನ ಬೆರಳುಗಳನ್ನು ಎಷ್ಟು ಬಲವಾಗಿ ಹಿಡಿದುಕೊಂಡಿತು ಅಂದರೆ ನನ್ನ ಉಂಗುರ ಒಳಗೆ ಒತ್ತಿ ರಕ್ತ ಬಂತು. ಅವರು ಕೂಗಿದ್ದು ಒಂದೇ ಸಲ, ಅದೂ “ಶಿವನೇ” ಅಂತಲ್ಲ. “ಲೋಹಿತಾ” ಅಂತ.

ನಂಬರು ಬಂತು. ಒತ್ತಿದೆ. ಇನ್ನೊಂದು ಬಂತು. ಅರವತ್ತು, ನಲವತ್ತು. ಸಬ್ಮಿಟ್!

ಜುಲೈ 23, ಬುಧವಾರ

ನಿನ್ನೆ ರಾತ್ರಿಯೇ ಮೂಳೆ ಡಾಕ್ಟರು ಆರು ವಾರದ ಪ್ಲಾಸ್ಟರ್ ಹಾಕಿದರು, ಬೆರಳ ಬುಡದಿಂದ ಮೊಣಕೈವರೆಗೆ. ಬಾತ್‌ರೂಮಿನಲ್ಲಿ ಜಾರಿದರು ಅಂದೆ. “ನೆಲಕ್ಕೆ ಮ್ಯಾಟ್ ಹಾಕ್ಸಮ್ಮ” ಅಂದರು.

ಬೆಳಿಗ್ಗೆ ಒಂದು ತೊಡಕಾಯಿತು. ಲಿಂಗಪೂಜೆ ಮಾಡುವುದು ಎಡ ಅಂಗೈ ಮೇಲಿಟ್ಟುಕೊಂಡು. ಆ ಅಂಗೈ ಪ್ಲಾಸ್ಟರಿನೊಳಗೆ ಹೋಗಿಬಿಟ್ಟಿದೆ! ಪೂಜೆ ಇಲ್ಲ ಅಂದರೆ ಊಟ ಇಲ್ಲ. ಬಲಗೈ ಒಂದನ್ನೇ ನೋಡಿಕೊಂಡೆವಲ್ಲ, ಇದು ಯಾರಿಗೂ ಹೊಳೆದಿರಲಿಲ್ಲ. ಪ್ರಭು ಕೂಡ ತಲೆ ಕೆರೆದುಕೊಂಡರು. ಕೊನೆಗೆ ಹಿಂದಿನ ಬೀದಿಯ ರುದ್ರಮುನಿ ಅಯ್ಯನವರನ್ನು ಕರೆಸಿದೆವು. ಎಪ್ಪತ್ತು ದಾಟಿದ ಜಂಗಮರು. ಅತ್ತೆಯ ಎದುರು ಕೂತು ತಮ್ಮ ಅಂಗೈ ಚಾಚಿದರು. ಅತ್ತೆ ಅದರ ಮೇಲೆ ಲಿಂಗವಿಟ್ಟು ಬಲಗೈಯಿಂದ ವಿಭೂತಿ ಹಚ್ಚಿ ಪೂಜೆ ಮಾಡಿದರು. ಇನ್ನು ದಿನಾ ಬರುತ್ತಾರಂತೆ. ಸದ್ಯ!

ಜುಲೈ 25, ಶುಕ್ರವಾರ

ಆಫೀಸಿನ ಸೂಪರಿಂಟೆಂಡೆಂಟ್ ನಾಗಲಿಂಗಯ್ಯ ಅಂತ. ಅತ್ತೆಯನ್ನು ವರ್ಷಗಳಿಂದ ಬಲ್ಲವರು.

“ಕೈಯೇನಾಯ್ತು ಜಗದಾಂಬ?”

“ಬಾತ್‌ರೂಮಲ್ಲಿ ಜಾರಿದರು ಸಾರ್” ಅಂದೆ, ನನ್ನ ಬೆಸ್ಟ್ ಸ್ಮೈಲ್ ಜೊತೆ.

ಅವರು ಫೈಲು ತಿರುವಿದರು. ಆಧಾರ್ ಜೆರಾಕ್ಸ್ ಇನ್ನೊಂದು ಬೇಕು ಅಂದಾಗ ಪ್ರಭು ಎದ್ದು ಹೊರಗೆ ಹೋದರು. ಅವರು ಹೋದ ಮೇಲೆ ನಾಗಲಿಂಗಯ್ಯ ಕನ್ನಡಕ ತೆಗೆದಿಟ್ಟರು. “ಮೊದಲು ನೂರಕ್ಕೆ ನೂರು ಪೆನ್ಷನ್‌ಗೆ ಅಂತ ಬರ್ಕೊಟ್ರಿ. ಈಗ ಅರವತ್ತು ಕೈಗೆ ಬೇಕು ಅಂತೀರಿ. ಯಾರಾದ್ರೂ ಬಲವಂತ ಮಾಡಿದ್ರಾ? ಹೇಳ್ಬುಡಿ. ಈ ಕಾಗದ ನಾನು ಇಲ್ಲೇ ಹರಿದಾಕ್ತೀನಿ, ಪೊಲೀಸಿಗೂ ನಾನೇ ಫೋನ್ ಮಾಡ್ತೀನಿ.”

ಅತ್ತೆ ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದರು. “ನಮ್ಮ ಸೊಸೆ ಹೇಳ್ತಾಳೆ ಸಾರ್. ಓದಿದ ಹುಡುಗಿ. ಅವಳೇನು ಹೇಳ್ತಾಳೋ ಅದೇ ನನ್ನ ಮಾತು.”

ಎಷ್ಟು ಜಾಣತನ! ಎಲ್ಲ ನನ್ನ ತಲೆ ಮೇಲೆ ಹಾಕಿದರು. ಕಿಟಕಿಯಾಚೆ ಜೆರಾಕ್ಸ್ ಅಂಗಡಿ ಮುಂದೆ ಪ್ರಭು ಕಾಣುತ್ತಿದ್ದರು, ತಿರುಗಿ ನನ್ನ ಕಡೆ ಕೈ ಬೀಸಿದರು. ನೀಲಿ ಶರ್ಟಿನಲ್ಲಿ ಎಷ್ಟು ಚೆನ್ನಾಗಿ ಕಾಣುತ್ತಾರೆ.

“ಬಲವಂತ ಏನಿಲ್ಲ ಸಾರ್. ಫ್ಯಾಮಿಲಿ ಡಿಸಿಷನ್” ಅಂದೆ.

ಅತ್ತೆ ತಲೆಯಾಡಿಸಿದರು, ಅಂಗಡಿಯಲ್ಲಿ ಬೆಲೆ ಕೇಳಿ ಸರಿ ಅಂದವರ ಹಾಗೆ. ಆಮೇಲೆ ಒಂದೇ ಒಂದು ಮಾತು ಕೇಳಿಕೊಂಡರು. “ನಲವತ್ತರ ಪೆನ್ಷನ್‌ಗೆ ನಾನು ಇರೋವರೆಗೆ ಮಾತ್ರ ಬರೋ ಆಪ್ಷನ್ ಹಾಕಿ ಸಾರ್. ನಾನು ಸತ್ತ ಮೇಲೆ ಅಸಲು ಯಾರಿಗೂ ವಾಪಸ್ ಬರೋದು ಬ್ಯಾಡ.”

“ತಿಳ್ಕೊಂಡೇ ಹೇಳ್ತಿದ್ದೀರಾ?”

“ಹದಿನೆಂಟು ವರ್ಷ ಬೇರೆಯವ್ರಿಗೆ ಇದನ್ನೇ ತಿಳಿಸಿ ಹೇಳಿದೀನಿ.”

ಅದರಲ್ಲಿ ತಿಂಗಳಿಗೆ ಹೆಚ್ಚು ಬರುತ್ತೆ ಅಂತ ನಾಗಲಿಂಗಯ್ಯ ಹೇಳಿದ್ದಕ್ಕೆ, ವಾಪಸ್ ಬಂದ ಪ್ರಭು ಕೂಡ 'ಹಾಕಿ ಹಾಕಿ' ಅಂದರು. ಅತ್ತೆ ಬಲಗೈಯಲ್ಲಿ ಸಹಿ ಮಾಡಿದರು. ಎಂಥ ದುಂಡು ಅಕ್ಷರ!

ಆಗಸ್ಟ್ 19, ಮಂಗಳವಾರ

ಬಂತು! ಬಂತು! ಬಂತು! ಅತ್ತೆಯ ಮೊಬೈಲು ಈಗ ನನ್ನ ಹತ್ತಿರವೇ ಇರುವುದು, ಮೆಸೇಜ್ ಮೊದಲು ನೋಡಿದವಳೂ ನಾನೇ. ಬ್ಯಾಂಕಿಗೆ ಅತ್ತೆಯನ್ನು ಕರೆದುಕೊಂಡು ಹೋಗಿ ಬಂದೆವು. ಪ್ರಭು ನನ್ನನ್ನು ಎತ್ತಿ ನಡುಮನೆಯಲ್ಲಿ ಎರಡು ಸುತ್ತು ತಿರುಗಿಸಿದರು. ನಾಲ್ಕು ವಾರದಿಂದ ಇಬ್ಬರಿಗೂ ಒಂದು ಏಟೂ ಬಿದ್ದಿಲ್ಲ. ಸರಿ, ನನಗೆ ಎರಡು. ಅವು ಲೆಕ್ಕಕ್ಕಿಲ್ಲ.

ಆಗಸ್ಟ್ 22, ಶುಕ್ರವಾರ

ಮನೆ ಮುಂದೆ ಎರಡು ಹೊಸ ಟ್ಯಾಂಕರಿಗೆ ಪೂಜೆ. ಒಂದಕ್ಕೆ ಪೂರ್ತಿ ದುಡ್ಡು ಕಟ್ಟಿದೆವು, ಇನ್ನೊಂದು ಕಂತಿನ ಮೇಲೆ. ಆ ಕಂತಿಗೆ ಅತ್ತೆಯ ತಿಂಗಳ ಪೆನ್ಷನ್ ಸರಿಹೋಗುತ್ತೆ. ಪಾವಗಡದಿಂದ ಚಿಕ್ಕಹನುಮಯ್ಯ ಬಂದಿದ್ದರು, ಬಾಯಿ ತೆರೆದರೆ ಅರ್ಧ ತೆಲುಗು. ಪ್ರಭು ಪೆನ್ಷನ್ ವಿಷಯ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. “ಮೀ ಅಮ್ಮ ಭಲೇ ತೆಲಿವಿ ಕಣಯ್ಯಾ, ಜಾಣೆ! ಆಯಮ್ಮ ಇರೋತನಕ ದುಡ್ಡು. ಕಣ್ಣು ಮುಚ್ಚಿದ್ರೆ ನೀಕೂ ಲೇದು, ನಾಕೂ ಲೇದು, ಯಾರಿಗೂ ಇಲ್ಲ. ಇನ್ಮೇಲೆ ತುಪ್ಪ ಹಾಕಿ ಸಾಕು!” ಪ್ರಭು ನಗಲಿಲ್ಲ.

ಆಗ ರುದ್ರಮುನಿ ಅಯ್ಯನವರು, ಮಂಗಳಾರತಿ ತಟ್ಟೆ ಹಿಡಿದೇ, ಎಲ್ಲರಿಗೂ ಕೇಳುವ ಹಾಗೆ ಅಂದರು: “ಲೇ ಪ್ರಭು, ನಿಮ್ಮವ್ವ ಯಾವ ಬಾತ್‌ರೂಮಲ್ಲೂ ಜಾರಿಲ್ಲ ಕಣ್ಲಾ. ಒಂದು ತಿಂಗಳಿಂದ ಅವಳ ಎದುರು ಕೂತಿದೀನಿ. ಈ ಟ್ಯಾಂಕರಲ್ಲಿ ನೀರು ತುಂಬಬೋದು, ನಿನ್ನ ಕೈ ತೊಳೆಯಕ್ಕಾಗಲ್ಲ.”

ಎಂಥ ಮಾತು, ಶುಭ ಕಾರ್ಯದಲ್ಲಿ!

ಆಗಸ್ಟ್ 23, ಶನಿವಾರ

ಬೆಳಿಗ್ಗೆ ಅಯ್ಯನವರು ಎಂದಿನ ಹಾಗೆ ಪೂಜೆಗೆ ಬಂದರು. ಪ್ರಭು ಟ್ಯಾಂಕರಿನ ರಬ್ಬರ್ ಪೈಪ್ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು. ಮೊದಲ ಏಟಿಗೆ ರುದ್ರಾಕ್ಷಿ ಸರ ಹರಿದು ಮಣಿ ಎಲ್ಲ ಚರಂಡಿಗೆ ಹೋದವು. ಎರಡನೆಯದು ಬೆನ್ನಿಗೆ. ಮೂರನೆಯದಕ್ಕೆ ಅವರು ಮೆಟ್ಟಿಲಿಂದ ಉರುಳಿದರು. ಹಣೆ ಕಲ್ಲಿಗೆ ಬಡಿದು ಬಾಯಿ ತೆರೆದ ಹಾಗೆ ಸೀಳಿತು. ಬೀದಿಯವರು ಎತ್ತಿಕೊಂಡು ಹೋದರು. ಒಬ್ಬರೂ ಒಳಗೆ ಬರಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿ ಗೋಡೆಗೆ ಒರಗಿ ಕೂತರು. ತಿಂಡಿಗೆ ಕರೆದೆ. “ಪೂಜೆ ಆಗಿಲ್ಲ” ಅಂದರು.

ಆಗಸ್ಟ್ 25, ಸೋಮವಾರ

ಪೂಜೆ ಆಗಿಲ್ಲ. ಎರಡು ಗುಟುಕು ವಿಭೂತಿ ನೀರು, ಅದು ನೀರಲ್ಲ ತೀರ್ಥವಂತೆ, ಅಷ್ಟೇ. ಬೇರೆ ಅಯ್ಯನವರನ್ನು ಕರೆಯೋಣ ಅಂದರೆ ಯಾರೂ ನಮ್ಮ ಮನೆ ಮೆಟ್ಟಿಲು ಹತ್ತಲ್ಲವಂತೆ.

ಪ್ರಭು ಅತ್ತೆಯ ಮೇಲೆ ಕೈ ಎತ್ತಿದರು, ಎತ್ತಿದವರು ಹಾಗೇ ನಿಂತರು. ಅತ್ತೆ ಮುಖ ಎತ್ತಿ ಕೊಟ್ಟರು. “ಹೊಡಿಯಪ್ಪ. ಬೇಗ ಮುಗೀತದೆ. ನಾನು ಹೋದ ದಿನ ಪೆನ್ಷನ್ನೂ ಹೋಯ್ತದೆ.” ಪ್ರಭು ಹೊರಗೆ ಬಂದರು. ನಾನು ಎದುರಿಗಿದ್ದೆ.

ನಾಳೆ ಗೌರಿ ಹಬ್ಬ. ಅಪ್ಪ ಬಾಗಿನ ತರುತ್ತಾರೆ. ತುಟಿ ಊದಿದ್ದು ಇಳಿಯಬೇಕು.

ಆಗಸ್ಟ್ 26, ಮಂಗಳವಾರ

ನನಗೆ ಟೈಫಾಯಿಡ್ ಅಂತ ಅಪ್ಪನಿಗೆ ಹೇಳಿಸಿದೆ. ಬಾಗಿಲಲ್ಲೇ ಮೊರ ಇಟ್ಟು ಹೋದರು. ಬಳೆ ಹಸಿರು.

ಆಗಸ್ಟ್ 27, ಬುಧವಾರ

ಪ್ರಭು ನನ್ನ ಜಡೆ ಕೈಗೆ ಸುತ್ತಿಕೊಂಡು ಹೇಳಿದರು: ಅವ್ವ ಊಟ ಮಾಡಲೇಬೇಕು, ಅದು ನಿನ್ನ ಕೆಲಸ, ಇಲ್ಲದಿದ್ದರೆ ಕಂತು ನಿನ್ನ ಮೈಯಿಂದ ವಸೂಲಿ. ಸರಿ ಅಂದೆ. ಮನೆ ಜವಾಬ್ದಾರಿ ಸೊಸೆಯದೇ ಅಲ್ಲವಾ.

ನಾನು ಸ್ನಾನ ಮಾಡಿ, ಮಡಿ ಉಟ್ಟು, ವಿಭೂತಿ ಹಚ್ಚಿಕೊಂಡು ಅತ್ತೆಯ ಎದುರು ಕೂತೆ. ಎಡ ಅಂಗೈ ಚಾಚಿದೆ. “ನನ್ನ ಕೈ ಮೇಲೆ ಇಡಿ ಅತ್ತೆ. ನಾನೂ ಲಿಂಗ ಕಟ್ಟಿದವಳೇ.”

ಅವರು ನನ್ನ ಅಂಗೈಯನ್ನು ತುಂಬ ಹೊತ್ತು ನೋಡಿದರು, ಓದುವ ಹಾಗೆ. ತುಟಿ ಒಣಗಿ ಸಿಪ್ಪೆ ಎದ್ದಿತ್ತು.

“ಆ ಕೈ ಬ್ಯಾಡ ಕಣಮ್ಮ” ಅಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಆಗಸ್ಟ್ 28, ಗುರುವಾರ

ಎಷ್ಟು ದಿನ ಆಗಿತ್ತು ಇಷ್ಟು ಖುಷಿಯಿಂದ ಡೈರಿ ಬರೆದು!

ರಾಗಿ ಅಂಬಲಿ ಮಾಡಿ, ತೆಳ್ಳಗೆ, ಮಜ್ಜಿಗೆ ಉಪ್ಪು ಹಾಕಿ ಆರಿಸಿಕೊಂಡು ಹೋದೆ. ಅತ್ತೆ ಹಲ್ಲು ಕಚ್ಚಿದರು. ಪ್ಲಾಸ್ಟರಿನ ಕೈಯನ್ನು ಗೋಡೆಗೆ ಸರಿಸಿ, ಬಲಗೈಯನ್ನು ನನ್ನ ಮೊಣಕಾಲ ಕೆಳಗೆ ಹಾಕಿ ಕೂತೆ. ಸೊಂಟದಿಂದ ಬಲ ಕೊಟ್ಟೆ. ಎರಡೂ ಕೆನ್ನೆ ಒತ್ತಿದೆ, ತೆರೆಯಲಿಲ್ಲ. ಆಮೇಲೆ ಉಪಾಯ ಹೊಳೆಯಿತು: ಮೂಗು ಹಿಡಿದರೆ ತೆರೆಯಲೇಬೇಕು! ತೆರೆಯಿತು. ಚಮಚ ಹಲ್ಲಿಗೆ ತಾಗಿ ಮುಂದಿನದೊಂದು ಅಲ್ಲಾಡಿತು, ಅಂಬಲಿ ಸ್ವಲ್ಪ ಕೆಂಪಾಯಿತು. ಉಗುಳಿದರು. ಬಾಯಿ ಮುಚ್ಚಿ ಹಿಡಿದೆ, ಗಂಟಲು ಮೇಲೆ ಕೆಳಗೆ ಆಗುವವರೆಗೆ. ಕಣ್ಣುಗಳು ಹೊರಗೆ ಬಂದ ಹಾಗಿದ್ದವು, ನನ್ನನ್ನೇ ನೋಡುತ್ತಿದ್ದವು. ನಾನು ಅವರ ಹಣೆ ನೋಡಿಕೊಂಡು ಮಾಡಿದೆ. ಹಾಗೆ ಮಾಡಿದರೆ ಸುಲಭ. ಅರ್ಧ ಲೋಟ ಒಳಗೆ ಹೋಯಿತು.

ತಿರುಗಿದರೆ ಬಾಗಿಲಲ್ಲಿ ಪ್ರಭು. ಯಾವಾಗಿನಿಂದ ನಿಂತಿದ್ದರೋ. ನನ್ನ ಕೈ ತಾನಾಗಿ ಕೆನ್ನೆಗೆ ಅಡ್ಡ ಹೋಯಿತು. ಅವರು ನಕ್ಕರು! ಮದುವೆಯ ಹೊಸದರಲ್ಲಿ ನಗುತ್ತಿದ್ದ ಹಾಗೆ, ಪೂರ್ತಿ ಮುಖದಿಂದ. “ಭಲೇ ಲೋಹಿ” ಅಂದರು. “ನಂಗಿಂತ ಗಟ್ಟಿ ಕಣೇ ನೀನು.”

ಕೈಯೆಲ್ಲ ಅಂಬಲಿ, ಹಾಗೇ ನಿಂತಿದ್ದೆ. ಮುಖ ಕೆಂಪಾಗಿಹೋಯಿತು ನನಗೆ!